ಫಕೀರಪ್ಪನ ಗಾಡಿಗೆ ಹೊಸ ಫೋರ್ಕ್

ಆರು ಸಾವಿರಕ್ಕೆ ಮಾಡಿಕೊಡುತ್ತೇನೆ ಎಂದು ನಾನು ಅಂದಾಗಲೇ ಆ ಹುಡುಗಿಗೆ ಅನುಮಾನ ಬರಬೇಕಿತ್ತು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಲೇಥ್ ಶೆಡ್ಡು ಇದೆ. ಹೆಸರು ಮಾಲತೇಶ, ಆದರೆ ಎಲ್ಲರ ಬಾಯಲ್ಲೂ ಬರೀ ಮೇಸ್ತ್ರಿ. ಕೆಲಸ ಚೊಕ್ಕ, ಬಾಯಿ ಕೆಟ್ಟದ್ದು ಎಂದು ಹೆಸರುವಾಸಿ. ಚೌಕಾಸಿ ಮಾಡುವ ಗಿರಾಕಿಯನ್ನು ರಸ್ತೆಯವರೆಗೂ ಬೈದು ಕಳಿಸಿದವನು ನಾನು. ಅಂಥವನು ತಾನಾಗಿ ಅರ್ಧ ರೇಟು ಇಳಿಸಿದರೆ, ಬುದ್ಧಿ ಇದ್ದವರು ಗಾಡಿ ತಿರುಗಿಸಿಕೊಂಡು ಹೋಗಬೇಕು.

ಅವಳ ಹೆಸರು ಜಯಮಾಲಾ. ವಯಸ್ಸು ಇಪ್ಪತ್ತನಾಲ್ಕು ಇದ್ದೀತು. ನಮ್ಮಿಂದ ಎರಡು ಗಲ್ಲಿ ಆಚೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಸತ್ತೂರದಲ್ಲಿ ಬಾಡಿಗೆ ಕೋಣೆ. ಒಂದು ಮಧ್ಯಾಹ್ನ ಗೂಡ್ಸ್ ಆಟೋದಲ್ಲಿ ಹಳೇ ರಾಜದೂತ್ ಮೋಟರ್‌ಸೈಕಲ್ಲು ಹೇರಿಕೊಂಡು ಬಂದಳು. ಎಂಜಿನ್ನು ಆಗಲೇ ರಿಪೇರಿ ಆಗಿತ್ತು. ಮುಂದಿನ ಗಾಲಿಯನ್ನು ಹಿಡಿದು ನಿಲ್ಲಿಸುವ ಫೋರ್ಕಿನ ಎರಡೂ ಕೊಳವೆ ಮಾತ್ರ ತುಕ್ಕು ತಿಂದು ಸೊಟ್ಟಗಾಗಿದ್ದವು. ಹುಬ್ಬಳ್ಳಿಯ ಅಂಗಡಿ ಅಂಗಡಿ ತಿರುಗಿದರೂ ಆ ಸಾಮಾನು ಸಿಕ್ಕಿರಲಿಲ್ಲ.

“ಹೊಸಾದು ಮಾಡಿ ಕೂಡಸಾಕ ಎಷ್ಟ ಆಕ್ಕತ್ರಿ ಕಾಕಾ?”

“ಹನ್ನೆರಡು ಸಾವಿರ. ಕಬ್ಬಿಣ ತರಬೇಕು, ಲೇಥಿಗೆ ಹಾಕಬೇಕು, ಒಳಗ ತೂತು ಕೊರೀಬೇಕು, ಮ್ಯಾಲ ಕ್ರೋಮ್ ಮಾಡಸಬೇಕು. ಸ್ಪ್ರಿಂಗು, ಸೀಲು ಬ್ಯಾರೆ.”

“ಅಯ್ಯ! ಅಷ್ಟ ರೊಕ್ಕಕ್ಕ ಇಂಥಾವು ಎರಡು ಗಾಡಿ ಬರ್ತಾವ್ರಿ.”

“ಹಂಗಾರ ಎರಡು ಗಾಡೀನ ತಗೋ ಹೋಗು. ನನ್ನ ತಲಿ ಯಾಕ ತಿಂತಿ?”

ಹುಡುಗಿ ಹೆದರಲಿಲ್ಲ, ನಕ್ಕಳು. “ನಮ್ಮಪ್ಪನ ಗಾಡಿ ಐತ್ರಿ. ಏಳು ವರ್ಷ ದನದ ಮನ್ಯಾಗ ನಿಂತಿತ್ತು. ಅವ್ವ ಗುಜರಿಗೆ ಹಾಕಾಕ ಹೊಂಟಿದ್ಲು, ಜಗಳಾ ಮಾಡಿ ತಂದೇನಿ. ಶನಿವಾರಕ್ಕೊಮ್ಮೆ ಇದರ ಮ್ಯಾಲ ಊರಿಗೆ ಹೋಗಬೇಕು ಅಂತ ನಂದು.”

“ಗುಜರಿಗೆ ಯಾಕ?”

“ಅಪ್ಪನ ಮ್ಯಾಲ ಸಿಟ್ಟರಿ ಅವ್ವಗ. ಯಾರ ಮಾತೂ ಕೇಳಲಾರದ ಜೀವಾ ಕಳಕೊಂಡ ಅಂತಾಳ. ಹಿರೇರ ಹಬ್ಬಕ್ಕ ಅವನಿಗೊಂದು ಎಡಿ ಸೈತ ಹಿಡಿಯೂದಿಲ್ಲ.”

ಹಾಗೆನ್ನುತ್ತ ಗಾಡಿಯ ಕಾಗದ ಕೈಗೆ ಕೊಟ್ಟಳು. ಮಾಲೀಕನ ಹೆಸರು ಫಕೀರಪ್ಪ. ಊರು ಶಿರಗುಪ್ಪಿ. ಕಾಗದ ಮಡಚಿ ಅವಳಿಗೇ ಮರಳಿ ಕೊಟ್ಟೆ.

ಸುತ್ತಿ ಬಳಸಿ ಹೇಳುವುದಿಲ್ಲ. ಫಕೀರಪ್ಪನನ್ನು ಕೊಂದವನು ನಾನೇ. ಆಗ ನನ್ನ ಶೆಡ್ಡು ಹುಬ್ಬಳ್ಳಿಯ ಗದಗ ರಸ್ತೆಯಲ್ಲಿತ್ತು. ಫಕೀರಪ್ಪ ಶಿರಗುಪ್ಪಿಯ ಒಬ್ಬ ಜಮೀನುದಾರರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಟ್ರೇಲರನ್ನು ಮೇಲೆತ್ತುವ ಜಾಕಿನಲ್ಲಿ ಎಣ್ಣೆ ಸೋರುತ್ತದೆ ಎಂದು ತಂದ. ಎಣ್ಣೆ ತಡೆಯುವ ರಬ್ಬರಿನ ಹೊಸ ಸೀಲು ನನ್ನಲ್ಲಿರಲಿಲ್ಲ. ಹಳೆಯದನ್ನೇ ತೊಳೆದು ಹಾಕಿ, ಹೊಸದರ ದುಡ್ಡು ಬರೆದೆ. ಟ್ರೇಲರ್ ಮೇಲೆತ್ತಿದೆವು. ಎತ್ತಿದ ಟ್ರೇಲರಿನ ಕೆಳಗೆ ಯಾರೇ ಹೋಗಲಿ, ಮೊದಲು ದಪ್ಪ ಕಟ್ಟಿಗೆಯ ಟೇಕು ಕೊಡಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ. ಫಕೀರಪ್ಪ ಟೇಕು ತರಲು ಹೊರಟಿದ್ದ. ಮೂರೂವರೆ ಗಂಟೆಯ ಬಿಸಿಲು, ಇನ್ನೊಬ್ಬ ಗಿರಾಕಿ ತಲೆಯ ಮೇಲೆ ನಿಂತಿದ್ದ, ನನಗೆ ಸಿಟ್ಟು ನೆತ್ತಿಗೇರಿತ್ತು. “ಟೇಕು ಬ್ಯಾಡೋ ಮಾರಾಯಾ, ಹೊಸಾ ಸೀಲ್ ಹಾಕೇನಿ. ಏನೂ ಆಗೂದಿಲ್ಲ, ಲಗೂ ಹೋಗಿ ಎಣ್ಣಿ ಸೋರತೈತೇನ್ ನೋಡು” ಎಂದೆ. ಅವನು ಬಗ್ಗಿ ಒಳಗೆ ಹೋದ. ಟ್ರೇಲರ್ ಇಳಿದುಬಿಟ್ಟಿತು.

ಪೊಲೀಸರಿಗೆ, ಜಮೀನುದಾರರಿಗೆ, ಹೆಣ ಒಯ್ಯಲು ಬಂದ ಅವನ ಊರವರಿಗೆ ನಾನು ಒಂದೇ ಮಾತು ಹೇಳಿದೆ. “ಟೇಕು ಕೊಡು ಅಂತ ಬಡಕೊಂಡೆ, ಕೇಳಲಿಲ್ಲ.” ಎಷ್ಟು ಸಲ ಹೇಳಿದೆನೆಂದರೆ, ಕೊನೆಗೆ ನನಗೂ ಅದು ಅರ್ಧ ನಿಜವೆನ್ನಿಸತೊಡಗಿತು. ವರ್ಷದೊಳಗೆ ಶೆಡ್ಡು ಕಿತ್ತು ಬೇಲೂರಿಗೆ ಬಂದೆ.

ಈಗ ಅವನ ಮಗಳು ಎದುರು ನಿಂತಿದ್ದಳು. “ಆರು ಸಾವಿರ ಕೊಡು ಸಾಕು,” ಎಂದೆ.

“ಯಾಕ್ರಿ ಕಾಕಾ, ಒಮ್ಮಿಗೇ ಅರ್ಧ?”

“ಕಬ್ಬಿಣ ನನ್ನ ಕಡೆ ಐತಿ. ಅದರ ರೊಕ್ಕ ಹಿಡಿಯೂದಿಲ್ಲ.”

ಕಬ್ಬಿಣ ಇದ್ದದ್ದು ನಿಜ. ಅದೇ ಜಾಕಿನ ಒಳಗಿನ ರಾಡು. ಜಮೀನುದಾರರು ಆ ಜಾಕು ಬೇಡವೆಂದು ಬಿಟ್ಟುಹೋಗಿದ್ದರು. ಅಂಥ ಉಕ್ಕು ಇವತ್ತು ಎಷ್ಟು ಕೊಟ್ಟರೂ ಸಿಗುವುದಿಲ್ಲ ಎಂದು ಶೆಡ್ಡಿನ ಜೊತೆಗೇ ಹೊತ್ತು ತಂದಿದ್ದೆ. ನನಗೆ ಕೆಲಸ ಕಲಿಸಿದ ಅಸದ ಉಸ್ತಾದ ಹೇಳುತ್ತಿದ್ದರು, ಜೀವ ತಗೊಂಡ ಕಬ್ಬಿಣವನ್ನು ಮತ್ತೆ ಲೇಥಿಗೆ ಏರಿಸಬಾರದು, ಕರಗಿಸಲು ಕಳಿಸಬೇಕು ಎಂದು. ಉಸ್ತಾದರ ಮಾತು ನೆನಪಾಗಲಿಲ್ಲವೇ? ಆಯಿತು. ಆದರೆ ಪಾಪ ತೊಳೆದುಕೊಳ್ಳುವುದಕ್ಕೂ ಕಿಸೆಯಿಂದ ದುಡ್ಡು ಹೋಗಬಾರದು ಎನ್ನುವ ಜಾಯಮಾನ ನನ್ನದು.

ರಾಡನ್ನು ಎರಡು ತುಂಡು ಮಾಡಿ ಲೇಥಿಗೆ ಕಟ್ಟಿದೆ. ಹೊರಮೈ ಸಲೀಸಾಗಿ ಬಂತು. ಒಳಗೆ ತೂತು ಕೊರೆಯುವಾಗ ಅರ್ಧ ದಾರಿಯಲ್ಲಿ ಡ್ರಿಲ್ಲು ತಟ್ಟನೆ ಹಗುರಾಯಿತು. ಹಿಂದಕ್ಕೆಳೆದೆ. ಒಂದು ಚಮಚದಷ್ಟು ಕಪ್ಪು ಎಣ್ಣೆ ಹೊರಗೆ ಬಂತು. ಗಟ್ಟಿ ಉಕ್ಕು ಅದು, ನೀರು ಹೋಗಲೂ ಜಾಗವಿಲ್ಲ. ಎರಡನೇ ತುಂಡಿನಲ್ಲೂ ಅಷ್ಟೇ ಎಣ್ಣೆ ಬಂತು. ಮುಟ್ಟಿ ನೋಡಿದರೆ ಉಗುರುಬೆಚ್ಚಗಿತ್ತು. ಡ್ರಿಲ್ಲಿನ ಕಾವು ಎಂದುಕೊಂಡು ಕೈ ಒರೆಸಿಕೊಂಡೆ.

ಕ್ರೋಮ್ ಆಗಿ ಬಂದ ಮೇಲೆ ಗಾಡಿಗೆ ಕೂಡಿಸಿದೆ. ನನ್ನ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಅಷ್ಟು ಚಂದದ ಫೋರ್ಕು ಧಾರವಾಡ ಸೀಮೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಗಾಡಿಯನ್ನು ಬಾಗಿಲ ಬಳಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಊಟಕ್ಕೆ ಕೂತೆ. ಕೈ ತೊಳೆದು ತಿರುಗುವಷ್ಟರಲ್ಲಿ ಗಾಡಿಯ ಮುಂಭಾಗ ಮೆಲ್ಲಗೆ ಕೆಳಗಿಳಿಯಿತು. ದಣಿದವನೊಬ್ಬ ಮೇಲೆ ಕೂತರೆ ಇಳಿಯುತ್ತದಲ್ಲ, ಹಾಗೆ. ಉಸ್ಸೆಂದು ಸಪ್ಪಳವಾಯಿತು. ಬುಡದವರೆಗೆ ಇಳಿದು ನಿಂತಿತು. ಗಾಡಿಯ ಮೇಲೆ ಯಾರೂ ಇರಲಿಲ್ಲ. ಗಡಿಯಾರದಲ್ಲಿ ಮೂರೂವರೆ. ಹತ್ತು ನಿಮಿಷ ಬಿಟ್ಟು ತಾನಾಗಿ ಮೇಲೆದ್ದಿತು.

ಸ್ಪ್ರಿಂಗು ಕೆಟ್ಟಿದೆ ಎಂದು ಬೈದುಕೊಂಡು ಎಲ್ಲ ಬಿಚ್ಚಿ ನೋಡಿದೆ. ಸ್ಪ್ರಿಂಗು ಸರಿ, ಸೀಲು ಹೊಸದು, ಎಣ್ಣೆ ಒಂದು ಹನಿಯೂ ಕಡಿಮೆಯಿಲ್ಲ. ಮರಳಿ ಕೂಡಿಸಿದೆ. ಮರುದಿನ ಮೂರೂವರೆಗೆ ಮತ್ತೆ ಇಳಿಯಿತು. ಅದರ ಮರುದಿನವೂ ಇಳಿಯಿತು. ಆಗ ನನಗೆ ಖರೆ ಭಯವಾಯಿತು, ನನಗಾಗಿ ಅಲ್ಲ. ಈ ಹುಡುಗಿ ಶನಿವಾರ ಬೈಪಾಸಿನಲ್ಲಿ ಹೋಗುವವಳು. ಹಿಂದೆ ಲಾರಿ ಇರುವಾಗ ಮುಂದಿನ ಫೋರ್ಕು ಕುಸಿದರೆ ಅವಳ ಗತಿಯೇನು? ಫಕೀರಪ್ಪನ ಮನೆಯ ಎರಡನೇ ಹೆಣವೂ ನನ್ನ ಕೈಯಿಂದಲೇ ಬೀಳಬೇಕೇ?

ಸುಡುಗಾಡು ಕಬ್ಬಿಣವೇ ಬೇಡ, ನನ್ನ ದುಡ್ಡಿನಲ್ಲಿ ಹೊಸ ರಾಡು ತಂದು ಬೇರೆ ಮಾಡೋಣ ಎಂದು ಬಿಚ್ಚಲು ಹೋದೆ. ಬೋಲ್ಟು ಎಲ್ಲ ಬಿಚ್ಚಿದವು, ಫೋರ್ಕು ಹೊರಗೆ ಬರಲಿಲ್ಲ. ಸುತ್ತಿಗೆಯಿಂದ ಬಡಿದೆ, ಗ್ಯಾಸಿನಿಂದ ಕಾಸಿದೆ. ಎರಡು ದಿನದ ಹಿಂದೆ ಇದೇ ಕೈಯಿಂದ ಸಲೀಸಾಗಿ ಬಿಚ್ಚಿದ್ದು ಈಗ ಬೇರು ಬಿಟ್ಟಂತೆ ಕೂತಿತ್ತು. ಕೊನೆಗೆ ಸೋತು ಬೋಲ್ಟು ಬಿಗಿದಿಟ್ಟೆ.

ಎರಡು ಶನಿವಾರ ಅವಳಿಗೆ ನೆಪ ಹೇಳಿ ಕಳಿಸಿದೆ. ಮೂರನೇ ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ನೇರ ಒಳಗೆ ಬಂದು ಗಾಡಿಯ ಮೇಲೆ ಕೂತುಬಿಟ್ಟಳು.

“ಇವತ್ತ ಒಯ್ಯಾಕಿನ್ರಿ ನಾ. ಇನ್ನ ನಿಮ್ಮ ನಾಳಿ ನಾಡದು ಸಾಕು.”

ಫೋರ್ಕಿನ ಕಡೆ ನೋಡಿದೆ. ಅವಳ ಕೆಳಗೆ ಅದು ಗಟ್ಟಿಯಾಗಿ, ಎಷ್ಟು ಬೇಕೋ ಅಷ್ಟೇ ಬಗ್ಗಿ ನಿಂತಿತ್ತು. ಅವಳು ಮೇಲೆ ಕೆಳಗೆ ಕುಪ್ಪಳಿಸಿದರೂ ಮೆತ್ತಗೆ ಎತ್ತಿ ಇಳಿಸಿತು. ಆರು ಸಾವಿರ ನನ್ನ ಕೈಗಿಟ್ಟಳು. ಇನ್ನೇನು, ಹೋಗಲಿ ಬಿಡು, ಮಗಳಿಗೆ ಅದು ಏನೂ ಮಾಡುವುದಿಲ್ಲ ಎಂದು ಮನಸ್ಸು ಹಗುರಾಯಿತು.

“ಬರ್ರಿ ಕಾಕಾ, ಗೇಟಿನ ತನಕ ನೀವ ಹೊಡೀರಿ. ಏನರ ಸಪ್ಪಳ ಬಂದ್ರ ನಿಮಗ ತಿಳೀತೈತಿ,” ಎಂದು ಹಿಂದಿನ ಸೀಟಿಗೆ ಸರಿದಳು.

ಒಲ್ಲೆ ಎಂದೆ, ಬಿಡಲಿಲ್ಲ. ಕೂತೆ. ಕೂತದ್ದೇ ತಡ, ಮುಂಭಾಗ ಉದ್ದಕ್ಕೆ ಉಸಿರು ಬಿಟ್ಟು ಬುಡಕ್ಕೆ ಇಳಿಯಿತು.

“ಅಯ್ಯ ಶಿವನ, ನೋಡಾಕ ಕಡ್ಡಿ ಇದ್ದಂಗ ಅದೀರಿ, ಇಷ್ಟ ವಜ್ಜೆ ಏನ್ರಿ!” ಎಂದು ಜಯಮಾಲಾ ನಕ್ಕಳು. ನಾನು ಇಳಿದೆ. ಫೋರ್ಕು ಮೇಲೇಳಲಿಲ್ಲ. ಅವಳು ಮುಂದೆ ಸರಿದು ಹ್ಯಾಂಡಲ್ ಹಿಡಿದಾಗ ಎದ್ದಿತು. ಮತ್ತೆ ನನ್ನನ್ನು ಕೂರಿಸಿದಳು, ಇಳಿಯಿತು. ಅವಳ ನಗು ನಿಂತಿತು. ನಾನು ಹಿಡಿಕೆ ನೋಡುತ್ತಿದ್ದೆ. ನನ್ನ ಬೆರಳುಗಳ ಪಕ್ಕದಲ್ಲೇ, ಯಾರೂ ಹಿಡಿಯದ ಜಾಗದಲ್ಲಿ, ರಬ್ಬರು ನಾಲ್ಕು ಕಡೆ ತಗ್ಗಿತು. ಯಾರೋ ಗಟ್ಟಿಯಾಗಿ ಅದುಮಿ ಹಿಡಿದಂತೆ.

“ಕಾಕಾ, ಇದು ಯಾವ ಕಬ್ಬಿಣ ಐತ್ರಿ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಏನೂ ಆಗುವುದಿಲ್ಲ, ನೀ ಹೋಗವ್ವಾ ಎಂದರೆ ಮುಗಿಯುತ್ತಿತ್ತು. ಅದೇ ಮಾತು ಹೇಳಿ ಒಮ್ಮೆ ಒಬ್ಬನನ್ನು ಕೆಳಗೆ ಕಳಿಸಿದ್ದೆ. ಮತ್ತೆ ಹೇಳಲು ನನ್ನಿಂದಾಗಲಿಲ್ಲ. ಸೀಲಿನದು, ಟೇಕಿನದು, ಪೊಲೀಸರಿಗೆ ಹೇಳಿದ್ದು, ಎಲ್ಲ ಹೇಳಿದೆ.

ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ ಫೋರ್ಕಿನ ಕೊಳವೆಯ ಮೇಲೊಮ್ಮೆ ಕೈಯಾಡಿಸಿದಳು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತು, “ಹೊಡೀರಿ” ಎಂದಳು.

“ಎಲ್ಲಿಗವ್ವಾ?”

“ಶಿರಗುಪ್ಪಿಗೆ. ನನಗ ಹೇಳಿದ್ದನ್ನ ಅವ್ವಗ ಹೇಳ್ರಿ.”

ಆ ದಾರಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬುಡಕ್ಕೆ ಇಳಿದ ಫೋರ್ಕು ಒಂದು ಸಲವೂ ಏಳಲಿಲ್ಲ. ಸಣ್ಣ ತಗ್ಗು ಬಂದರೂ ಕಬ್ಬಿಣ ಕಬ್ಬಿಣಕ್ಕೆ ಬಡಿದು ಏಟು ಮೊಳಕೈಗೆ ಹತ್ತುತ್ತಿತ್ತು. ಬೈಪಾಸಿನಲ್ಲಿ ಲಾರಿಗಳು ಹಾರ್ನು ಹೊಡೆಯುತ್ತ ದಾಟಿದವು. ನನ್ನ ಎದೆಗೂ ಹ್ಯಾಂಡಲಿಗೂ ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಉಳಿದಿತ್ತು. ಮುಂದಕ್ಕೆ ಬಾಗಲು ನೋಡಿದರೆ ಆಗಲಿಲ್ಲ, ಬೆನ್ನೊಂದು ಅಡ್ಡ ಇದ್ದಂತೆ ತಡೆಯಿತು. ಬೆವರಿನ ವಾಸನೆ ಬರುತ್ತಿತ್ತು, ನನ್ನದಲ್ಲ. ಗದಗ ರಸ್ತೆಯಲ್ಲಿ ನನ್ನ ಹಳೇ ಶೆಡ್ಡಿದ್ದ ಜಾಗದಲ್ಲಿ ಈಗ ಸಿಮೆಂಟಿನ ಅಂಗಡಿ. ಅದರ ಮುಂದೆ ಗಾಡಿ ನಡೆಯುವಷ್ಟು ನಿಧಾನವಾಯಿತು. ಎಕ್ಸಲರೇಟರ್ ಪೂರ್ತಿ ತಿರುವಿದರೂ ಅಷ್ಟೇ. ಅಂಗಡಿ ದಾಟಿದ ಮೇಲೆ ತಾನಾಗಿ ಓಟ ಹಿಡಿಯಿತು.

ಶಿರಗುಪ್ಪಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಫಕೀರಪ್ಪನ ಹೆಂಡತಿ ದುರಗವ್ವ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಗಾಡಿ ಸ್ಟ್ಯಾಂಡಿಗೆ ಹಾಕಿ, ನಿಂತಲ್ಲೇ ಎಲ್ಲ ಹೇಳಿದೆ. ಅವಳು ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ. ಟೇಕು ಬೇಡ ಎಂದು ನಾನೇ ಹೇಳಿದ್ದು ಎಂದಾಗ ಮಾತ್ರ ಕೈ ನಿಂತಿತು. ಮೊರ ಕೆಳಗಿಟ್ಟು ಎದ್ದಳು. ನನ್ನ ಕಡೆ ನೋಡಲಿಲ್ಲ. ಯಾರೂ ಕೂರದೆ ಬಗ್ಗಿ ನಿಂತಿದ್ದ ಗಾಡಿಯ ಹತ್ತಿರ ಹೋದಳು, ಹಿಡಿಕೆಯ ಮೇಲೆ ಕೈ ಇಟ್ಟಳು. ಇಟ್ಟವಳು ಬೆಚ್ಚಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಟೇಕು ತರಾಕ ಹೊಂಟಿದ್ರೇನ್ರಿ ನೀವು?” ಎಂದು ಗಾಡಿಯನ್ನು ಕೇಳಿದಳು. “ನನಗ ಯಾರೂ ಹೇಳಲಿಲ್ರಿ. ಏಳು ವರ್ಷ ನಿಮ್ಮನ್ನ ಬೈಕೋಂತ ಕುಂತೇನಲ್ಲರಿ, ನನ್ನ ಬಾಯಿಗೆ ಹುಳಾ ಬೀಳಲಿ.” ಗಳಗಳ ಅತ್ತಳು. ಜಯಮಾಲಾ ಓಡಿ ಬಂದು ಅವ್ವನನ್ನು ತಬ್ಬಿಕೊಂಡಳು. ಅವಳು ಮಗಳನ್ನು ಮೆಲ್ಲಗೆ ಸರಿಸಿ, ಕಣ್ಣೊರೆಸಿಕೊಂಡು ಮತ್ತೆ ಗಾಡಿಯ ಕಡೆ ತಿರುಗಿದಳು.

“ಇಳೀರಿ. ಮನಿ ಬಂತು.”

ಫೋರ್ಕು ಎದ್ದಿತು. ಒಂದೇ ಸಲಕ್ಕಲ್ಲ, ಬೆರಳಷ್ಟು ಬೆರಳಷ್ಟು. ದುರಗವ್ವ ಬಾಗಿಲವರೆಗೆ ನಡೆದಳು, ಯಾರಿಗೋ ದಾರಿ ಬಿಡುವಂತೆ ಹೊಸ್ತಿಲ ಬಳಿ ಬದಿಗೆ ಸರಿದಳು. ಅಂಗಳದ ಜೋಳದ ಮೇಲೆ ಎರಡು ಮೂರು ಕಡೆ ಹೆಜ್ಜೆಯಗಲ ಕಾಳು ತಗ್ಗಿ ಸರಿದದ್ದನ್ನು ನಾನು ಈ ಕಣ್ಣಿಂದ ನೋಡಿದೆ.

ಅಳು ಕೇಳಿ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಆಗ ದುರಗವ್ವ ಮೊದಲ ಸಲ ನನ್ನ ಮುಖ ನೋಡಿದಳು. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನಮ್ಮನಿಯವ್ರು ಮಾತು ಕೇಳಲಾರದ ಸತ್ರು ಅಂತ ಊರ ತುಂಬಾ ಹೇಳಿಸಿದ್ರಿ,” ಎಂದಳು. “ಈಗ ಒಂದೊಂದ ಮನಿಗೆ ಹೋಗಿ ಹೇಳ್ರಿ. ಮಾತು ಕೇಳಿದ್ದಕ್ಕ ಸತ್ರು ಅಂತ.”

ಎದುರು ಮನೆಯಿಂದ ಶುರು ಮಾಡಿದೆ.