ಉಗ್ಗುವ ಅತ್ತಿಗೆ

ಚಿತ್ರಮಂದಿರದಲ್ಲಿ ಜನ ಮತ್ತೆ ನಕ್ಕರು. ಅವನು ತೆರೆಯನ್ನು ನೋಡಲಿಲ್ಲ, ಪಕ್ಕದಲ್ಲಿ ಕೂತಿದ್ದ ಅಕ್ಕನ ಮುಖ ನೋಡಿದ. ಅಕ್ಕನೂ ನಗುತ್ತಿದ್ದಳು. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.

ತೆರೆಯ ಮೇಲೆ ಉಗ್ಗುವ ಅತ್ತಿಗೆ ಅಡುಗೆಮನೆಯಿಂದ ಓಡಿಬಂದು, ಬೆಂಕಿ ಎನ್ನಲಾರದೆ, "ಬೆ... ಬೆ..." ಎನ್ನುತ್ತಿದ್ದಳು. ಬೆಣ್ಣೆಯೇ, ಬೆಕ್ಕೇ, ಬೆನ್ನುನೋವೇ ಎಂದು ಮನೆಯವರು ಒಬ್ಬೊಬ್ಬರಾಗಿ ಊಹಿಸುವಷ್ಟರಲ್ಲಿ ಹೊಗೆ ನಡುಮನೆಗೆ ಬಂತು.

ಸಂಭಾಷಣೆ ಬರೆದವನು ಅವನೇ. ಕಾಲೇಜಿನಲ್ಲಿ ಭಾಷೆ ಕಲಿಸುವ ಅವನಿಗೆ ಇದು ಮೊದಲ ಸಿನಿಮಾ. ಬೇಡವೆಂದರೂ ಕೇಳದೆ ಅಕ್ಕ ಮೊದಲ ದಿನವೇ ಹೊರಟು ಬಂದಿದ್ದಳು. ತಮ್ಮನ ಹೆಸರು ತೆರೆಯ ಮೇಲೆ ನೋಡಬೇಕಂತೆ. ಈ ದೃಶ್ಯ ತನ್ನ ಸ್ವಂತ ಕಲ್ಪನೆ ಎಂದು ಅವನು ನಿರ್ಮಾಪಕರಿಗೆ ಹೇಳಿದ್ದ. ನಿಜವಾಗಿ ಉಗ್ಗುವವಳು ಅಕ್ಕ. ನಿಜವಾಗಿ ಬೆಂಕಿ ಬಿದ್ದಾಗ ಅವಳಿಗೆ ಹದಿನಾರು. "ಬೆಕ್ಕಾ?" ಎಂದು ಕೇಳಿದವನು ಆರು ವರ್ಷದ ತಾನು. ಅವತ್ತು ಸುಟ್ಟಿದ್ದು ಒಂದು ಪರದೆ ಮಾತ್ರ. ಬೇಗ ಬಾಯಿಬಿಡಲಿಲ್ಲವೆಂದು ಅಪ್ಪ ಅವಳ ಕೆನ್ನೆಗೆ ಬಾರಿಸಿದ್ದರು. ಸಿನಿಮಾದಲ್ಲಿ ಅದಿಲ್ಲ. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರದಲ್ಲಿ ಅಪ್ಪಂದಿರು ಹೊಡೆಯುವುದಿಲ್ಲ.

ಕೊನೆಯಲ್ಲಿ ಎಲ್ಲರ ಪ್ರೀತಿಗೆ ಕರಗಿ ಅತ್ತಿಗೆಯ ಉಗ್ಗು ಬಿಟ್ಟೇಹೋಯಿತು. ಕುಟುಂಬ ಎಂದರೇನು ಎಂಬುದರ ಮೇಲೆ ಅವಳು ನೀರು ಕುಡಿದಷ್ಟು ಸಲೀಸಾಗಿ ಒಂದು ಪುಟ ಮಾತಾಡಿದಳು. ಮುಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು.

ದೀಪ ಹತ್ತಿತು.

"ಅವಳಿಗೆ ಯಾಕೆ ಸ... ಸರಿ ಮಾಡ್ಬಿಟ್ಟೆ?" ಅಕ್ಕ ಕೇಳಿದಳು.

"ಜನಕ್ಕೆ ಇಷ್ಟ ಆಗುತ್ತೆ ಅಂತ."

"ನಿ... ನಿನಗೆ?"

"ಚಪ್ಪಲಿ ಹಾಕ್ಕೋ. ಮೆಟ್ಟಿಲಲ್ಲಿ ನೂಕುನುಗ್ಗಲಾಗುತ್ತೆ."

ಹೊರಗೆ ಪ್ರಚಾರದ ಹೆಂಗಸು ಫೋನು ಹಿಡಿದು ಪ್ರೇಕ್ಷಕರ ಅಭಿಪ್ರಾಯ ಕೇಳುತ್ತಿದ್ದಳು. ನಿರ್ಮಾಪಕರು ಅವನನ್ನು ಪಕ್ಕಕ್ಕೆ ಎಳೆದುಕೊಂಡರು. "ಗೆದ್ವಿ ಮೇಷ್ಟ್ರೇ." ಅವನು ತಿರುಗುವಷ್ಟರಲ್ಲಿ ಫೋನು ಅಕ್ಕನ ಮುಂದಿತ್ತು.

"ಹೇಗಿತ್ತು ಆಂಟಿ ಸಿನಿಮಾ?"

"ನ... ನ... ನನ್ನ ತ... ತ..."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅತ್ತಿಗೆಯನ್ನು ಅಣಕಿಸುತ್ತಿದ್ದಾಳೆ ಅಂದುಕೊಂಡರು. ಯಾರೋ ಶಿಳ್ಳೆ ಹಾಕಿದರು. "ಇನ್ನೊಂದ್ಸಲ ಮಾಡಿ ಆಂಟಿ," ಎಂದಳು ಫೋನಿನವಳು.

"ಥೇಟ್ ನಮ್ಮ ಅತ್ತಿಗೇನೇ," ನಿರ್ಮಾಪಕರು ಹೊಟ್ಟೆ ಹಿಡಿದುಕೊಂಡರು. "ಯಾರ್ರೀ ಆಯಮ್ಮ?"

ನನ್ನ ಅಕ್ಕ ಎನ್ನಲು ಎರಡೇ ಪದ ಸಾಕಿತ್ತು. ಅವನ ನಾಲಿಗೆಗೆ ಯಾವ ತೊಡಕೂ ಇರಲಿಲ್ಲ.

"ಗೊತ್ತಿಲ್ಲ ಸಾರ್."

ಅಕ್ಕನಿಗೆ ಕೇಳಿಸಿತೋ ಇಲ್ಲವೋ. ಮಾತು ಹೊರಡದೆ ಅವಳು ಅವನತ್ತ ಬೆರಳು ಚಾಚಿದಳು. ಜನ ಆ ಬೆರಳಿನ ನೇರಕ್ಕೆ ತಿರುಗಿದರು. ಅವನೂ, ಅವರಲ್ಲೊಬ್ಬನಂತೆ, ಹಿಂದಕ್ಕೆ ತಿರುಗಿ ನೋಡಿದ. ಗೋಡೆಯ ಮೇಲೆ ಆಳೆತ್ತರದ ಪೋಸ್ಟರು. ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಹನ್ನೊಂದು ಮಂದಿ ಹಲ್ಲು ಬಿಟ್ಟು ನಿಂತಿದ್ದರು. ಮತ್ತೆ ಜನರತ್ತ ತಿರುಗಿ, ತಣ್ಣನೆಯ ಕಾಗದ ಬೆನ್ನಿಗೆ ತಾಗುವವರೆಗೂ ಅವನು ಹಿಂದೆ ಸರಿದ. ಸರಿದು, ಅವರ ಹಾಗೆಯೇ ನಕ್ಕ.