ಮೊದಲ ಗುಟುಕು

ಲಿಫ್ಟಣ್ಣ ಯಾರಿಗೇ ಚಹಾ ಕೊಡಲಿ, ಅದೇ ಕೆಟಲಿನಿಂದ ತನಗೂ ಒಂದು ಲೋಟ ಬಗ್ಗಿಸಿಕೊಂಡು, ಎದುರಿನವರ ಕಣ್ಣಿಗೆ ಬೀಳುವಂತೆ ಮೊದಲ ಗುಟುಕನ್ನು ತಾನೇ ಕುಡಿಯುತ್ತಾನೆ. ಗೊತ್ತಿಲ್ಲದವರು ಇದನ್ನು ಅವಿನಯವೆಂದು ಮುಖ ಸಿಂಡರಿಸಿದ್ದುಂಟು. ಅತಿಥಿಗಿಂತ ಮೊದಲು ಆತಿಥೇಯನೇ ಹೀರಿದರೆ ಇನ್ನೇನು ತಿಳಿದಾರು!

ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ಮೂವತ್ತು ವರ್ಷ ದುರಸ್ತಿ ಮಾಡಿದ ಆಸಾಮಿ. ಯಾವ ಹೊಸ್ತಿಲೇ ಬರಲಿ, ಅರೆಗಳಿಗೆ ನಿಂತು, ಕೆಳಗೆ ನೆಲವಿದೆಯೆಂದು ಖಾತರಿಪಡಿಸಿಕೊಂಡೇ ಹೆಜ್ಜೆಯಿಡುತ್ತಾನೆ. ಗ್ರೀಸಿನ ಕಲೆಗಳಿಂದ ಮೂಲವರ್ಣವನ್ನೇ ಮರೆತ ನೀಲಿ ಕೋಟು. ಸ್ಕ್ರೂಡ್ರೈವರಿನ ಭಾರಕ್ಕೆ ಜೋತುಬಿದ್ದ ಅದರ ಎಡಜೇಬು. ನಡುದಾರಿಯಲ್ಲಿ ಸಿಕ್ಕಿಕೊಂಡವರಿಗೆ ಬಾಗಿಲಾಚೆಯಿಂದ ಹೇಳುತ್ತಿದ್ದ "ಹೆದರ್ಬೇಡಿ, ಹಗ್ಗ ಗಟ್ಟಿ ಇದೆ" ಎಂಬ ಮಾತು ನಾಲಗೆಗೆ ಅಂಟಿಕೊಂಡು, ಈಗ ಕ್ಷೌರಿಕನಿಗೂ ಅದನ್ನೇ ಹೇಳುತ್ತಾನೆ.

ಶನಿವಾರ ಶನಿವಾರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅವನ ಪಾಠ. ಇಲ್ಲದ ದನಿಗಳನ್ನು ಕೇಳುವ, ಇಲ್ಲದ ಶತ್ರುಗಳಿಗೆ ಅಂಜುವ ಕಾಯಿಲೆಯವರ ಮನೆಮಂದಿಗಾಗಿ ನಡೆಯುವ ತರಗತಿ ಅದು. ರೋಗ, ಔಷಧಗಳ ವಿಚಾರವನ್ನು ಹಿರಿಯ ನರ್ಸಮ್ಮ ಹೇಳುತ್ತಾಳೆ. ಮನೆಯೊಳಗಿನ ಮಾತು ಇವನ ಪಾಲಿನದು.

"ಗೋಡೆ ಒಳಗೆ ಯಾರೋ ಮಾತಾಡ್ತಾರೆ ಅಂತಾನೆ ನನ್ ಮಗ. ಹೌದು ಅನ್ಲಾ, ಇಲ್ಲ ಅನ್ಲಾ?" ಎಂದು ಒಬ್ಬ ತಂದೆ ಕೇಳಿದ.

"ಎರಡೂ ಬೇಡ. ನಂಗೆ ಕೇಳಿಸ್ತಿಲ್ಲ, ಆದ್ರೆ ನಿಂಗೆ ಭಯ ಆಗಿದೆ, ನಾನ್ ಇಲ್ಲೇ ಕೂತಿರ್ತೀನಿ ಅನ್ನಿ. ಲಿಫ್ಟಲ್ಲಿ ಸಿಕ್ಕಾಕೊಂಡವ್ರಿಗೆ ಯಾರಾದ್ರೂ ಮೋಟಾರಿನ ಪಾಠ ಮಾಡ್ತಾರಾ?"

ಆದರೆ ಪ್ರತಿ ಹೊಸ ತಂಡಕ್ಕೂ ಅವನು ಮೊದಲು ಹೇಳುವುದು ತನ್ನ ತಪ್ಪನ್ನೇ. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಅವನ ತಂಗಿಗೆ ಇದೇ ಕಾಯಿಲೆ. ಅವಳು ಮಾತ್ರೆ ಬೇಡವೆಂದು ಹಟ ಹಿಡಿದಾಗ, ಇವನು ಪುಡಿ ಮಾಡಿ ಹಾಲಿಗೆ ಬೆರೆಸತೊಡಗಿದ. ಒಂದು ದಿನ ಲೋಟದ ತಳದಲ್ಲಿ ಕರಗದ ಬಿಳಿ ಚೂರು ಅವಳ ಕಣ್ಣಿಗೆ ಬಿತ್ತು. ಅಂದಿನಿಂದ ತಾನೇ ಸುಲಿದ ಹಣ್ಣು, ತಾನೇ ಒಡೆದ ಮೊಟ್ಟೆ, ಇಷ್ಟೇ ಅವಳ ಆಹಾರ. "ಹಾಲಿಗೆ ಏನೋ ಹಾಕ್ತಾರೆ" ಎಂದು ಅವಳು ಅತ್ತಾಗ, "ಅದು ನಿನ್ ಕಾಯಿಲೆ ಕಣಮ್ಮ" ಎಂದಿತು ಮನೆ; ಗೊತ್ತಿದ್ದೂ ಗೊತ್ತಿದ್ದೂ ಇವನೂ ತಲೆಯಾಡಿಸಿದ.

ತಂಗಿ ಬಡಕಲಾಗುತ್ತಿದ್ದಾಳೆಂದು ದೂರಲು ಬಂದವನಿಗೆ ನರ್ಸಮ್ಮ ಒಂದೇ ಮಾತು ಕೇಳಿದಳಂತೆ: "ಹಾಲಿನ ವಿಷಯದಲ್ಲಿ ಅವಳು ಹೇಳಿದ್ದು ನಿಜ ತಾನೆ?"

ಕೆಟ್ಟ ಮೇಲೆ ಬುದ್ಧಿ ಬಂತು. ಮನೆಗೆ ಹೋಗಿ ತಪ್ಪೊಪ್ಪಿಕೊಂಡ. ತಂಗಿ "ಗೊತ್ತು" ಎಂದು ಬಾಗಿಲು ಹಾಕಿಕೊಂಡಳು. ಅಂದಿನಿಂದ ಮಾತ್ರೆಯ ವಿಚಾರ ಅವಳಿಗೂ ಡಾಕ್ಟರಿಗೂ ಬಿಟ್ಟದ್ದು. ಮಾತ್ರೆ ಅವಳ ಕಪಾಟಿನಲ್ಲೇ ಇರುತ್ತಿತ್ತು. ಇವನ ಪಾಲಿಗೆ ಉಳಿದದ್ದು ಒಂದೇ ಕೆಟಲಿನಿಂದ ಎರಡು ಲೋಟ ಬಗ್ಗಿಸಿ, ಅವಳೆದುರು ತಾನು ಮೊದಲು ಕುಡಿಯುವ ಕೆಲಸ. ಅವಳ ಲೋಟ ಆರುತ್ತಿತ್ತು, ಇವನು ತೊಳೆದಿಡುತ್ತಿದ್ದ. ಹದಿನಾಲ್ಕು ತಿಂಗಳು ಹೀಗೇ ನಡೆಯಿತು. "ಕುಡಿ" ಎಂದು ಒಮ್ಮೆಯೂ ಹೇಳಲಿಲ್ಲ.

ಒಂದು ಬೆಳಗ್ಗೆ ಅವನು ಏಳುವ ಹೊತ್ತಿಗೆ ಕೆಟಲ್ ಒಲೆಯ ಮೇಲಿತ್ತು. ತಂಗಿ ಎರಡು ಲೋಟಕ್ಕೆ ಬಗ್ಗಿಸಿದಳು. ಒಂದರಿಂದ ಅವನ ಮುಖವನ್ನೇ ನೋಡುತ್ತ ಒಂದು ಗುಟುಕು ಕುಡಿದಳು. ಇನ್ನೊಂದನ್ನು ಅವನತ್ತ ಸರಿಸಿದಳು.

"ಹೆದರ್ಬೇಡ. ಹಗ್ಗ ಗಟ್ಟಿ ಇದೆ."

ಅಂದಿನ ಚಹಾಕ್ಕೆ ಸಕ್ಕರೆ ಇತ್ತೋ ಇಲ್ಲವೋ, ಅವನಿಗೆ ಇವತ್ತಿಗೂ ನೆನಪಿಲ್ಲ.

ತಂಗಿಯ ಕಾಯಿಲೆ ಹೋಗಿಲ್ಲ. ಕೆಲವು ತಿಂಗಳು ಈಗಲೂ ಕಷ್ಟದವೇ. ಪ್ರೀತಿಯಿದ್ದರೆ ಸಾಕು, ಏನು ಮಾಡಿದರೂ ನಡೆಯುತ್ತದೆಂದು ನಂಬಿ ಎಡವಿದವರು ಲೋಕದಲ್ಲಿ ಬಹಳ. ಎಡವಿದ ಕಲ್ಲನ್ನು ಹಿಂದೆ ಬರುವವರಿಗೆ ಬೆರಳಿಟ್ಟು ತೋರಿಸಲು ಅಲ್ಲೇ ನಿಲ್ಲುವವರು ಬಲು ವಿರಳ. ಕಳೆದುಕೊಂಡ ವಿಶ್ವಾಸವನ್ನು ಅವರು ಎಂದೂ ಕೇಳಿ ಪಡೆಯುವುದಿಲ್ಲ, ದಿನವೂ ಒಂದು ಗುಟುಕು ಮೊದಲು ಕುಡಿದು ಕಾಯುತ್ತಾರೆ.