ಹದಿನೆಂಟನೇ ನಂಬರಿನ ಗಣಿತ ಪೇಪರು

ನಮ್ಮ ಟ್ರಸ್ಟ್ ಹೈಸ್ಕೂಲಿನಲ್ಲಿ ಓದು ಪುಕ್ಕಟೆ, ಆದರೆ ವರ್ಷದ ಪರೀಕ್ಷೆಯಲ್ಲಿ ಪ್ರತಿ ವಿಷಯದಲ್ಲೂ ಅರವತ್ತು ಮಾರ್ಕು ಬಂದವರಿಗೆ ಮಾತ್ರ. ಒಂದು ಕಮ್ಮಿಯಾದರೂ ಫೀಸು ಕಟ್ಟಬೇಕು, ಇಲ್ಲ ಟಿಸಿ ತೆಗೆದುಕೊಂಡು ಮನೆಗೆ ನಡೆಯಬೇಕು.

ಗಣಿತದ ಮೇಷ್ಟ್ರು ಮಹಾ ಸೋಮಾರಿ. ಪೇಪರುಗಳನ್ನು ಪಕ್ಕದವರ ಜೊತೆ ಬದಲಾಯಿಸಿಕೊಳ್ಳಲು ಹೇಳಿ ತಾವು ಉತ್ತರ ಓದುತ್ತಾರೆ, ತಿದ್ದುವುದು ನಾವೇ. ನನ್ನ ಪಕ್ಕ ಇಸ್ತ್ರಿ ಅಂಗಡಿ ಆಂಟಿಯ ಮಗಳು ಕಡ್ಡಿ. ಬಾರದ ಲೆಕ್ಕಕ್ಕೆ ಜಾಗ ಬಿಡುವುದು, ಉತ್ತರ ಓದುವಾಗ ಒಬ್ಬರದನ್ನು ಒಬ್ಬರು ತುಂಬುವುದು ನಮ್ಮ ಒಪ್ಪಂದ. ಅದಕ್ಕೆಂದೇ ಇಬ್ಬರೂ ಒಂದೇ ಥರದ ನೀಲಿ ಪೆನ್ನು ಕೊಂಡಿದ್ದೆವು.

"ಲೇ ಡುಮ್ಮಿ, ಎರಡು ಜಾಗ ಬಿಟ್ಟಿದೀನಿ ಕಣೇ. ಮರೀಬೇಡ," ಅಂದಳು ಕಡ್ಡಿ ಪೇಪರು ಕೊಡುತ್ತಾ.

"ಮರೆಯೋಕೆ ನಾನೇನು ನಿಮ್ಮಜ್ಜೀನಾ?"

ಕಡ್ಡಿ ತಲೆ ಎತ್ತದೆ ನನ್ನ ಮೂರು ಲೆಕ್ಕ ತುಂಬಿದಳು. ನಾನು ನೀಲಿ ಪೆನ್ನಿನ ಮುಚ್ಚಳ ತೆಗೆಯುವುದಕ್ಕೂ ಮೇಷ್ಟ್ರು ನಮ್ಮ ಬೆಂಚಿನ ಹತ್ತಿರ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಆಕಳಿಸಿದರು, ಕಿವಿ ಕೆರೆದುಕೊಂಡರು, ಹೋದರು. ಆಮೇಲೂ ಟೈಮಿತ್ತು. ಸಿಕ್ಕಿಬಿದ್ದರೆ ನನ್ನ ಸೀಟೂ ಹೋಗುತ್ತದೆ ಅನ್ನಿಸಿತು. ಕೆಂಪು ಪೆನ್ನು ತೆಗೆದು ಆ ಎರಡೂ ಜಾಗಕ್ಕೆ ಸೊನ್ನೆ ಸುತ್ತಿದೆ. ಗುಂಡಗೆ, ಚೆಂದಗೆ.

"ಹದಿನೇಳು?" ಮೇಷ್ಟ್ರು ನನ್ನ ನಂಬರು ಕೂಗಿದರು.

"ಅರವತ್ತೆರಡು ಸಾರ್!" ಕಡ್ಡಿಗೆ ನನಗಿಂತ ಹೆಚ್ಚು ಖುಷಿ.

"ಹದಿನೆಂಟು?"

"ಐವತ್ತೊಂಬತ್ತು ಸಾರ್," ಅಂದೆ.

ಕಡ್ಡಿ ನನ್ನ ಕಡೆ ತಿರುಗಿದಳು. "ಒಂದೇ ಒಂದು ಮಾರ್ಕು! ನಿನ್ ಕೈಗೇನಾಗಿತ್ತೇ?"

"ಮೇಷ್ಟ್ರು ನಿಂತಿದ್ರಲ್ಲೇ..."

"ಹೋದ್ರಲ್ಲೇ!"

"ಯಾರದ್ದಾದ್ರೂ ತಪ್ಪಾಗಿದ್ಯಾ? ಈಗ್ಲೇ ಹೇಳ್ಬಿಡಿ. ಆಮೇಲೆ ಬಂದು ತಲೆ ತಿನ್ಬೇಡಿ," ಅಂದರು ಮೇಷ್ಟ್ರು.

ಕಡ್ಡಿ ಎದ್ದು ನಿಂತಳು. ಅವಳು ಬಾಯಿಬಿಟ್ಟರೆ ನನ್ನ ಅರವತ್ತೆರಡೂ ಮಟಾಷ್.

"ಏನಮ್ಮಾ?"

"ಏನಿಲ್ಲ ಸಾರ್. ನೀರು ಕುಡಿದು ಬರ್ತೀನಿ," ಅಂದಳು.

ರಜೆ ಮುಗಿದು ಸ್ಕೂಲು ಶುರುವಾದ ವಾರ ಅಮ್ಮ ನನ್ನ ಕೈಲಿ ಯೂನಿಫಾರ್ಮು ಕೊಟ್ಟು ಇಸ್ತ್ರಿ ಅಂಗಡಿಗೆ ಕಳಿಸಿದಳು. ಪೆಟ್ಟಿಗೆ ಹಿಡಿದು ನಿಂತಿದ್ದವಳು ಕಡ್ಡಿ. ಮೊಣಕೈ ಹತ್ತಿರ ಸುಟ್ಟ ಗಾಯ. ಅವಳದೇ ಹಳೇ ಯೂನಿಫಾರ್ಮಿನ ಲಂಗ ಒದ್ದೆ ಮಾಡಿ ಬಟ್ಟೆಗಳ ಮೇಲೆ ಹಾಸಿ ಉಜ್ಜುತ್ತಿದ್ದಳು.

"ಯಾವ ಪಾಠ ನಡೀತಿದೆ?" ಅಂತ ಕೇಳಿದಳು.

"ಇನ್ನೂ ಮೊದಲ್ನೇದು."

"ಸಂಜೆ ಬಾ. ಆಗಿರುತ್ತೆ."

ಸಂಜೆ ಅಮ್ಮ ಲಂಗದ ನೆರಿಗೆ ಮುಟ್ಟಿ ನೋಡಿದಳು. "ಎಷ್ಟು ನೀಟಾಗಿ ಮಾಡಿದಾಳೆ! ಕೈ ಇಷ್ಟು ಚುರುಕಿದೆ, ಪಾಪ, ಓದೇ ಹತ್ತಲಿಲ್ವಲ್ಲ."

"ಹೂಂ ಅಮ್ಮ," ಅಂದೆ. "ಲೆಕ್ಕದಲ್ಲಿ ಅವಳು ಮೊದಲಿಂದಲೂ ವೀಕು."